ಕತ್ತರಿ ಅಪ್ಪನಾದದ್ದು

ನಮ್ಮಪ್ಪ ಕೆಲಸ ಮಾಡುತ್ತಿದ್ದ ಹೊಲಿಗೆ ಅಂಗಡಿಯಲ್ಲಿ ಯಾರನ್ನೂ ಅವರ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಬಟ್ಟೆ ಕತ್ತರಿಸುವವನು ಕತ್ತರಿ. ಗುಂಡಿ ಹಾಕುವವಳು ಗುಂಡಿ ಅಕ್ಕ. ಗುಂಡಿ ತೂರುವ ಸೀಳಿನ ಸುತ್ತ ದಾರದ ಅಂಚು ಕಟ್ಟುವುದಕ್ಕೆ ಕಾಜಾ ಎನ್ನುತ್ತಾರೆ. ಆ ಕೆಲಸದ ಹುಡುಗಿ ಕಾಜಾ. ಯಜಮಾನರಿಗೆ ಮಾತ್ರ ಮಾಸ್ಟರ್ ಎಂಬ ಮರ್ಯಾದೆಯ ಹೆಸರು, ಅದೂ ಎದುರಿಗೆ. ಬೆನ್ನ ಹಿಂದೆ ಅವರು 'ಕೆಮ್ಮು', ಏಕೆಂದರೆ ಅಂಗಡಿಗೆ ಅವರಿಗಿಂತ ಮೊದಲು ಅವರ ಕೆಮ್ಮು ಬಂದು ತಲುಪುತ್ತಿತ್ತು.

ಕತ್ತರಿ ನಮ್ಮಪ್ಪ. ಕಾಜಾ ನಮ್ಮಮ್ಮ. ನಾನು ಅವರಿಬ್ಬರೂ ಯೋಚಿಸಿ ಬರಮಾಡಿಕೊಂಡ ಮಗಳಲ್ಲ. ಈ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಪಿಸುಗುಟ್ಟಲಿಲ್ಲ. ತರಕಾರಿ ಹೆಚ್ಚುತ್ತ, ಬಟ್ಟೆ ಮಡಿಸುತ್ತ, ನಡುನಡುವೆ ಒಬ್ಬರನ್ನೊಬ್ಬರು ತಿದ್ದುತ್ತ ಅಪ್ಪ, ಅಮ್ಮ, ಅಜ್ಜಿ ಮೂವರೂ ನನಗೆ ಹೇಳಿದ್ದಾರೆ. ನಾನು ದೊಡ್ಡವಳಾದ ವರ್ಷ ಅಮ್ಮ ಇನ್ನೊಂದು ಮಾತು ಸೇರಿಸಿದಳು. "ಪ್ರೀತಿ ಇತ್ತು. ಎಚ್ಚರ ಇರಲಿಲ್ಲ. ಎರಡೂ ಇರಬೇಕು, ತಿಳ್ಕೋ."

ಅಂಗಡಿ ಉದ್ದಕ್ಕೆ, ಇಕ್ಕಟ್ಟಾಗಿತ್ತು. ಕೆಳಗೆ ಗೋಡೆಯಿಂದ ಗೋಡೆಗೆ ಅಪ್ಪನ ಮೇಜು; ಅದರ ಅಂಚು ಮೊಣಕೈ ತಗುಲಿ ತಗುಲಿ ಕನ್ನಡಿಯಂತೆ ನುಣ್ಣಗಾಗಿತ್ತು. ಮೇಲೆ, ತಲೆ ತಗ್ಗಿಸಿ ನಿಲ್ಲಬೇಕಾದ ಕೋಣೆಯಲ್ಲಿ, ಕಿಟಕಿಯ ಬೆಳಕಿಗೆ ಮೈಯೊಡ್ಡಿ ಅಮ್ಮ ಮತ್ತು ಗುಂಡಿ ಅಕ್ಕ. ನಡುವೆ ಏಣಿಯಂತೆ ಕಡಿದಾದ ಮರದ ಮೆಟ್ಟಿಲು. ಕತ್ತರಿಸಿದ, ಹೊಲಿದ ಬಟ್ಟೆ ಮೇಲೆ ಕಳಿಸಲು ಹಗ್ಗಕ್ಕೆ ಕಟ್ಟಿದ ಒಂದು ಬುಟ್ಟಿ ಇತ್ತು. ಆದರೂ ಅಪ್ಪ ಕಂತೆಯನ್ನು ಹೆಗಲಿಗೇರಿಸಿ ತಾನೇ ಹತ್ತುತ್ತಿದ್ದ.

"ಬುಟ್ಟಿಗೇನು ರೋಗ ಬಂದಿದೆಯೋ ಕತ್ತರಿ?" ಎಂದು ಗುಂಡಿ ಅಕ್ಕ ಕೇಳುತ್ತಿದ್ದಳು.

"ಹಗ್ಗ ಸವೆದಿದೆ ಅಕ್ಕ."

"ಸವೀತಿರೋದು ಹಗ್ಗ ಅಲ್ಲ, ನಿನ್ನ ಚಪ್ಪಲಿ."

ಅಮ್ಮ ತಲೆ ಎತ್ತುತ್ತಿರಲಿಲ್ಲವಂತೆ. ಆದರೆ ಅವನು ಮೆಟ್ಟಿಲು ಹತ್ತುವ ಸದ್ದಿಗೆ ಅವಳ ಸೂಜಿ ಎಲ್ಲಿದ್ದರೂ ಅಲ್ಲೇ ನಿಲ್ಲುತ್ತಿತ್ತಂತೆ.

ಮಾಸ್ಟರರದು ಒಂದು ನಿಯಮ. ಬಟ್ಟೆ ಕೆಡಿಸಿದವನೇ ಗಿರಾಕಿಯ ಮನೆಗೆ ಹೋಗಿ ಹೇಳಬೇಕು. ಯಜಮಾನ ಹೋಗುವುದಿಲ್ಲ, ಗಿರಾಕಿ ಅಂಗಡಿಗೆ ಬರುವವರೆಗೆ ಕಾಯುವುದೂ ಇಲ್ಲ. ಕೆಟ್ಟ ಬಟ್ಟೆಯನ್ನು ಪೊಟ್ಟಣ ಕಟ್ಟಿ ಎರಡೂ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತು, "ತಪ್ಪು ನನ್ನದು, ಆದ ನಷ್ಟ ನಾನು ತುಂಬಿಕೊಡ್ತೀನಿ" ಎನ್ನಬೇಕು. ಅಪ್ಪ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಸಂಗೀತದ ಮೇಷ್ಟರ ಕೋಟು ಕತ್ತರಿಸಿದ್ದ. ಒಳಮೈ ಹೊರಮೈ ಬೇರೆಬೇರೆ ಇರುವ ಉಣ್ಣೆ. ಮಡಿಸಿ ಕತ್ತರಿಸುವ ಬದಲು ಒಂದರ ಮೇಲೊಂದು ಹಾಗೇ ಹಾಸಿ ಕತ್ತರಿಸಿಬಿಟ್ಟ. ಎರಡೂ ಎಡಗೈ ತೋಳುಗಳೇ ಬಂದವು. ಪೊಟ್ಟಣ ಹಿಡಿದು ಹೋಗಿ ಹೇಳಿದ. ಮೇಷ್ಟರು ತೋಳುಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಎರಡು ಎಡಗೈ ಇರೋರು ಯಾರಾದ್ರೂ ಸಿಕ್ಕಿದ್ರೆ ನಿನ್ನ ಹತ್ರ ಕಳಿಸ್ತೀನಪ್ಪ" ಎಂದು ನಕ್ಕು ಒಳಗೆ ಕರೆದು ಚಹಾ ಕೊಟ್ಟರು. ನೇರವಾಗಿ ಹೋಗಿ ಹೇಳಿಬಿಟ್ಟರೆ ಜಗತ್ತಿನ ಯಾವ ತಪ್ಪಾದರೂ ಮುಗಿಯುತ್ತದೆ ಎಂಬುದು ಅಪ್ಪನ ಮನಸ್ಸಿಗೆ ಅಂದೇ ನಾಟಿತು.

ಅಮ್ಮ ಅವನಿಗೆ ಹೇಳಿದ್ದು ಇಸ್ತ್ರಿ ಮೇಜಿನ ಹತ್ತಿರ, ಮಧ್ಯಾಹ್ನದ ಊಟಕ್ಕೆ ಉಳಿದವರು ಹೊರಗೆ ಹೋಗಿದ್ದಾಗ.

"ಮುಟ್ಟು ನಿಂತಿದೆ. ಡಾಕ್ಟರಮ್ಮನ ಹತ್ರ ಹೋಗಿದ್ದೆ. ಹೌದಂತೆ."

ಅಪ್ಪ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿದ. ಅಂಥ ಹೊತ್ತಿನಲ್ಲೂ ಬಟ್ಟೆ ಸುಡದ ಮನುಷ್ಯ ಅವನು. ಆಮೇಲೆ, "ನೀನೇನೂ ಹೆದರಬೇಡ. ನಾನು ನೋಡ್ಕೋತೀನಿ" ಎಂದ.

ಆ ಮಾತಿಗೆ ಅಮ್ಮನ ಎದೆ ಹಗುರಾಯಿತು. ಭಾನುವಾರ ಅಂಗಡಿಗೆ ರಜೆ; ತನ್ನ ತಾಯಿ, ಅಂದರೆ ನಮ್ಮಜ್ಜಿ, ಪಾಳಿ ಮುಗಿಸಿ ಬಂದು ಉಂಡು ಕೂತಾಗ, ಕಾಲೊತ್ತುತ್ತ, ತಾನೇ ಹೇಳಬೇಕು ಎಂದುಕೊಂಡಳು. ಹೇಗೆ ಶುರು ಮಾಡುವುದೆಂದು ಕಾಜಾ ಹಾಕುತ್ತ ಹಾಕುತ್ತ ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದಳು. ಅದೇ ಹೊತ್ತಿಗೆ ಕೆಳಗೆ ಅಪ್ಪ ಮಾಸ್ಟರರ ಹತ್ತಿರ ಅರ್ಧ ದಿನದ ರಜೆ ಕೇಳಿ, ನಲ್ಲಿಯಲ್ಲಿ ತಲೆ ಒದ್ದೆ ಮಾಡಿ ಬಾಚಿಕೊಂಡು, ಅಮ್ಮನ ಮನೆಯ ಕಡೆ ಹೊರಟಿದ್ದ.

ಅಜ್ಜಿ ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ಆಸ್ಪತ್ರೆಯ ಹಿಂದಿನ ಓಣಿಯಲ್ಲೇ ಎರಡು ಕೋಣೆಯ ಮನೆ. ಬೆಳಗಿನ ಪಾಳಿ ಮುಗಿಸಿ ಬಂದು, ಬಕೆಟ್ಟಿನ ಬಿಸಿನೀರಲ್ಲಿ ಕಾಲಿಟ್ಟು ಕೂತಿದ್ದಳು. ಬಾಗಿಲಲ್ಲಿ ಒಬ್ಬ ಹುಡುಗ, ಖಾಲಿ ಕೈಗಳನ್ನೇ ಪೊಟ್ಟಣ ಹಿಡಿದವನಂತೆ ಮುಂದಕ್ಕೆ ಚಾಚಿ ನಿಂತಿದ್ದ.

"ಯಾರಪ್ಪಾ?"

"ಅಂಗಡಿಯಿಂದ ಬಂದೆ ಅಮ್ಮಾ. ಕತ್ತರಿ."

"ಓ, ನೀನಾ. ಅವಳು ನಿಮ್ಮಂಗಡೀಲೇ ಇರಬೇಕಲ್ಲಪ್ಪ."

"ನಿಮ್ಮ ಹತ್ರಾನೇ ಮಾತಾಡ್ಬೇಕು. ನಿಮ್ಮ ಮಗಳು ಬಸುರಿ. ತಪ್ಪು ನನ್ನದು. ಆದ ನಷ್ಟ ನಾನು ತುಂಬಿಕೊಡ್ತೀನಿ. ಮದುವೆ ಆಗ್ತೀನಿ."

ಆ ಮಾತಿಗೆ ಬಕೆಟ್ಟಿನ ಬಿಸಿನೀರೂ ತಣ್ಣಗಾಯಿತು ಎಂದು ಅಜ್ಜಿ ಈಗಲೂ ಹೇಳುತ್ತಾಳೆ.

"ನಷ್ಟಾನಾ? ನನ್ನ ಮಗಳೇನು ಪ್ಯಾಂಟಿನ ಬಟ್ಟೆನಾ, ನಷ್ಟ ತುಂಬಿಕೊಡೋಕೆ?"

"ಅಲ್ಲಮ್ಮಾ, ನಾನು..."

"ಅವಳು ಕಳಿಸಿದ್ಲಾ ನಿನ್ನ?"

"ಇಲ್ಲ."

"ನೀನೇ ಹೋಗಿ ಹೇಳು ಅಂದ್ಲಾ?"

"ಇಲ್ಲ."

"ಹಾಗಾದ್ರೆ ಬಾಗಿಲು ಎಳ್ಕೊಂಡು ಹೋಗು. ನನ್ನ ಕಾಲು ಒದ್ದೆ, ಇಲ್ದಿದ್ರೆ ನಾನೇ ಎದ್ದು ಹಾಕ್ತಿದ್ದೆ."

ಸಂಜೆ ಅಮ್ಮ ಬಂದಾಗ ಅಜ್ಜಿ ಬೈಯಲಿಲ್ಲ. ಲೋಟ ಮುಂದಿಟ್ಟು, "ಇದನ್ನ ಬೇರೆಯವರ ಬಾಯಲ್ಲಿ ಕೇಳೋ ಹಾಗಾಯ್ತಲ್ಲೇ" ಎಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು ಎಂದು ಅಮ್ಮ ಹೇಳುತ್ತಾಳೆ. ಮಧ್ಯಾಹ್ನವಿಡೀ ಜೋಡಿಸಿಟ್ಟ ಮಾತುಗಳಲ್ಲಿ ಒಂದಕ್ಕೂ ಜಾಗ ಉಳಿದಿರಲಿಲ್ಲ.

ಮರುದಿನ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೇ ಅಮ್ಮ ಅಪ್ಪನ ಮೇಜಿನ ಮುಂದೆ ನಿಂತಿದ್ದಳು.

"ನಮ್ಮಮ್ಮನಿಗೆ ಹೇಳೋದು ನನ್ನ ಮಾತಾಗಿತ್ತು. ನೀನು ಕಿತ್ಕೊಂಡೆ."

"ಕೆಡಿಸಿದವನೇ ಹೋಗಿ ಹೇಳಬೇಕು ಅಂತ..."

"ಏನು ಕೆಟ್ಟಿದೆ? ನಾನು ಕೆಟ್ಟಿದೀನಾ? ಇದು ಕೆಟ್ಟಿದೆಯಾ?" ಅಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

"ಮದುವೆ ಆಗ್ತೀನಿ ಅಂತಾನೂ ಹೇಳಿದೀನಲ್ಲ."

"ದಂಡ ಕಟ್ಟೋನ ಜೊತೆ ನಾನು ಬಾಳ್ವೆ ಮಾಡಲ್ಲ. ದಂಡ ಕಟ್ಟಿದವನು ಕೈ ತೊಳ್ಕೊಂಡು ಮನೆಗೆ ಹೋಗ್ತಾನೆ. ಮಗು ಬೇಕೋ ಬೇಡವೋ ನಾನು ಯೋಚಿಸ್ತೀನಿ. ನೀನು ಮೇಲೆ ಬರಬೇಡ."

ಅಂದಿನಿಂದ ಬುಟ್ಟಿಗೆ ಕೆಲಸ ಬಂತು. ಅಮ್ಮ ಮೇಲಿನಿಂದ ಇಳಿಬಿಡುವಳು, ಅಪ್ಪ ಕೆಳಗೆ ತುಂಬುವನು. ಗುಂಡಿ ಅಕ್ಕ ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ತಾಳಲಾರದೆ, "ಹಗ್ಗ ಗಟ್ಟಿಯಾಗೇ ಇದೆ ಅಲ್ವೇನೋ ಕತ್ತರಿ?" ಎಂದು ಕೂಗಿದಳು. ಅಪ್ಪ ಬುಟ್ಟಿ ತುಂಬುತ್ತಲೇ ಇದ್ದ. ಸಂಗತಿ ಕಿವಿಗೆ ಬಿದ್ದ ಮಾಸ್ಟರರು ತಲೆ ಚಚ್ಚಿಕೊಂಡರು.

"ಅಲ್ಲಯ್ಯಾ, ನಾನು ಹೇಳಿದ್ದು ಕೋಟಿನ ವಿಷಯ! ಕೂಸಿನ ವಿಷಯ ಯಾವಾಗ ಹೇಳಿದ್ದೆ?"

"ತಪ್ಪು ತಪ್ಪೇ ಅಲ್ವಾ ಮಾಸ್ಟರ್?"

"ಬಟ್ಟೆಗೆ ಬಾಯಿಲ್ಲ, ಅದಕ್ಕೆ ಅದರ ಪರವಾಗಿ ನೀನು ಹೋಗಿ ಹೇಳ್ಬೇಕು. ಅವಳಿಗೆ ಬಾಯಿದೆಯಲ್ಲೋ. ಮೊದಲು ಅವಳನ್ನ ಕೇಳ್ಬೇಡ್ವಾ?" ಎಂದು ಕೆಮ್ಮುತ್ತ ಹೊರಟುಹೋದರು. ಕೇಳಬೇಕಿತ್ತು ಎಂಬುದು ಅಪ್ಪನಿಗೆ ಅಷ್ಟರವರೆಗೆ ಹೊಳೆದೇ ಇರಲಿಲ್ಲ.

ಡಾಕ್ಟರಮ್ಮ ಅಮ್ಮನನ್ನು ಕೂರಿಸಿಕೊಂಡು ಎರಡು ದಾರಿಯನ್ನೂ ಬಿಡಿಸಿ ಹೇಳಿದರು. ಯಾವುದಕ್ಕೂ ನೂಕಲಿಲ್ಲ. "ಯೋಚನೆ ಮಾಡೋಕೆ ಸಮಯ ಇದೆಯಮ್ಮ, ಆದ್ರೆ ಬಹಳ ಇಲ್ಲ" ಎಂದು ಮಾತ್ರ ಹೇಳಿದರು. ಅಜ್ಜಿಯೂ ತುಟಿ ಬಿಚ್ಚಲಿಲ್ಲ. ಹಾದಿಯಲ್ಲಿ ಹೋಗುವವರಿಗೂ ಬುದ್ಧಿ ಹೇಳಿ ಕಳಿಸುವ ನಮ್ಮಜ್ಜಿ ಅಷ್ಟು ದಿನ ಹಲ್ಲು ಕಚ್ಚಿ ಇದ್ದದ್ದು ಏನು ಕಷ್ಟದ ಕೆಲಸ ಎಂದು ಅವಳನ್ನು ಬಲ್ಲವರಿಗೆ ಗೊತ್ತು. ಅಮ್ಮ ಯೋಚಿಸಿದಳು. ನಡೆಯುತ್ತ, ಹೊಲಿಯುತ್ತ, ಒಬ್ಬಳೇ ಕಿಟಕಿಯ ಹತ್ತಿರ ಕೂತು ಯೋಚಿಸಿದಳು. ಒಂದು ಬೆಳಿಗ್ಗೆ ಹಾಸಿಗೆಯ ಬಟ್ಟೆ ಮಡಿಸುವಾಗ ಅಜ್ಜಿಗೆ ಹೇಳಿದಳು. "ನನಗೆ ಬೇಕು. ಅವನು ಇದ್ರೂ ಸರಿ, ಇಲ್ದಿದ್ರೂ ಸರಿ."

ಆ ಮಾತಿಗೆ ನಾನು ಋಣಿ. ಅದನ್ನು ಯಾರೂ ಅವಳ ಬಾಯಿಗೆ ತುರುಕಲಿಲ್ಲ ಎಂಬುದಕ್ಕೆ ಇನ್ನೂ ಹೆಚ್ಚು ಋಣಿ. ಬೇರೆಯ ಮಾತು ಹೇಳುವ ಸ್ವಾತಂತ್ರ್ಯವೂ ಇದ್ದವಳು ಆರಿಸಿಕೊಂಡ ಮಾತು ಅದು.

ಅಪ್ಪನಿಗೆ ಅವಳು ಹೇಳಿದ್ದು ಇಷ್ಟೇ. "ಮಗು ಇರುತ್ತೆ. ನಿನಗೆ ಗೊತ್ತಿರಲಿ ಅಂತ ಹೇಳ್ದೆ." ಅವನಿಗೆ ಸಾವಿರ ಮಾತು ಹೇಳಬೇಕೆನಿಸಿತು. ನಾಲಿಗೆ ಕಚ್ಚಿಕೊಂಡು, "ಆಯ್ತು" ಎಂದ. ಅಂದು ಸುಮ್ಮನಿದ್ದದ್ದೇ ತಾನು ಮಾಡಿದ ಮೊದಲ ಜಾಣತನ ಎನ್ನುತ್ತಾನೆ.

ಅಮ್ಮನ ಹೊಟ್ಟೆ ಮುಂದೆ ಬರತೊಡಗಿತು. ಕಡಿದಾದ ಮೆಟ್ಟಿಲನ್ನು ಅವಳು ಗೋಡೆ ಹಿಡಿದು ಹತ್ತುವುದನ್ನು ಅಪ್ಪ ಕೆಳಗಿನಿಂದ ನೋಡುತ್ತಿದ್ದ. ಹಿಂದಿನ ಅಪ್ಪನಾಗಿದ್ದರೆ ಅವಳ ಕುರ್ಚಿಯನ್ನು ತಾನೇ ಹೊತ್ತು ಕೆಳಗೆ ತಂದಿಟ್ಟುಬಿಡುತ್ತಿದ್ದ. ಈ ಸಲ ಬುಟ್ಟಿಯ ಕೆಳಗೆ ನಿಂತು ತಲೆ ಎತ್ತಿ ಕೇಳಿದ.

"ಒಂದು ಮಾತು ಕೇಳ್ಲಾ?"

"ಕೇಳು. ಕೇಳೋಕೂ ಕಲ್ತೆಯಾ?"

"ಅರ್ಧ ಮೇಜು ಬಿಟ್ಟುಕೊಡ್ತೀನಿ. ಕೆಳಗೆ ಕೂತ್ಕೋತೀಯಾ? ಬೇಡ ಅಂದ್ರೆ ಬೇಡ."

ಮೇಲಿನಿಂದ ಅಮ್ಮನ ದನಿ. "ನಾನೊಬ್ಳೇ ಬರಲ್ಲ. ಗುಂಡಿ ಅಕ್ಕನಿಗೂ ಮೊಣಕಾಲು ನೋವು."

ಹೀಗೆ ಇಬ್ಬರು ಹೆಂಗಸರು, ಎರಡು ಕುರ್ಚಿ, ದಾರದ ಉಂಡೆಗಳ ಡಬ್ಬಿ ಎಲ್ಲ ಕೆಳಗಿಳಿದವು. ಬಟ್ಟೆ ಕತ್ತರಿಸುವವನು ಮೇಜು ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಉದ್ದಕ್ಕೆ ಮಲಗುತ್ತಿದ್ದ ಪ್ಯಾಂಟಿನ ಬಟ್ಟೆ ಈಗ ಅರ್ಧ ಮೇಜಿನ ಮೇಲೆ, ಅರ್ಧ ಸ್ಟೂಲಿನ ಮೇಲೆ. ಅಪ್ಪ ಒಮ್ಮೆ ನಿಂತು, ಒಮ್ಮೆ ಮಂಡಿಯೂರಿ ಕತ್ತರಿಸುತ್ತಿದ್ದ. ಮಾಸ್ಟರರು ಬಂದು ನೋಡಿ, "ಈ ಅಂಗಡಿ ನನ್ನದೋ, ನಿನ್ನದೋ?" ಎಂದರು. "ನಿಮ್ಮದೇ ಮಾಸ್ಟರ್" ಎಂದ ಅಪ್ಪ, ಮೇಜಿನ ಕೆಳಗಿನಿಂದ.

ಇದು ಅಜ್ಜಿಯ ಕಿವಿಗೂ ಬಿತ್ತು. ಒಂದು ಮಧ್ಯಾಹ್ನ ಅಮ್ಮ ಡಾಕ್ಟರಮ್ಮನ ಹತ್ತಿರ ಹೋಗಿದ್ದಾಗ ಅಜ್ಜಿ ಅಂಗಡಿಗೆ ಬಂದಳು. ಆಸ್ಪತ್ರೆಯ ಬಿಳಿ ಕೋಟನ್ನು ಮೇಜಿನ ಮೇಲೆ ಎಸೆದಳು.

"ಜೇಬು ಹರಿದಿದೆ. ನಿಂತಿರ್ತೀನಿ, ಹೊಲಿದು ಕೊಡು."

ಅಪ್ಪ ಹೊಲಿಯತೊಡಗಿದ. ಅಜ್ಜಿ ಅವನ ಕೈ ನೋಡುತ್ತ ಹೇಳಿದಳು. "ನನ್ನ ಗಂಡ ಮಾತಲ್ಲಿ ನಿನಗಿಂತ ಜಾಣ. ಇವಳು ಹೊಟ್ಟೇಲಿದ್ದಾಗ ಎಲ್ಲಾ ನನ್ನ ಜವಾಬ್ದಾರಿ, ಎಲ್ಲಾ ನನ್ನ ಜವಾಬ್ದಾರಿ ಅಂತ ಊರೆಲ್ಲ ಹೇಳ್ಕೊಂಡು ಬಂದ. ಇವಳು ಹುಟ್ಟೋ ಹೊತ್ತಿಗೆ ಆ ಊರಲ್ಲೇ ಇರಲಿಲ್ಲ."

ಅಪ್ಪ ಸೂಜಿ ನಿಲ್ಲಿಸಲಿಲ್ಲ.

"ನಿನಗೆ ಏನು ಬರುತ್ತೆ?"

"ಕಟಿಂಗು."

"ಅಡುಗೆ?"

"ಇಲ್ಲಮ್ಮಾ."

"ಕೂಸು ಎತ್ಕೊಳ್ಳೋಕೆ?"

"ಇಲ್ಲ."

"ಬಟ್ಟೆ ಒಗೆಯೋಕಾದ್ರೂ ಬರುತ್ತಾ, ಇಲ್ಲಾ ಬರೀ ಕತ್ತರಿಸೋದಾ?"

"ಒಗೀತೀನಿ."

"ಹಾಗಾದ್ರೆ ಭಾನುವಾರ ಆಸ್ಪತ್ರೆಗೆ ಬಾ. ಹಿಂದಿನ ಬಾಗಿಲು."

ಆಸ್ಪತ್ರೆಯ ಹಿಂದೆ ಬಟ್ಟೆ ಒಗೆಯುವ ಕೋಣೆ. ಸಿಮೆಂಟಿನ ತೊಟ್ಟಿಗಳು, ಸೋಪಿನ ಹಬೆ, ಗೋಡೆಗೆ ಒರಗಿಸಿಟ್ಟ ಕೋಲುಗಳು. ಕೂಸುಗಳ ಬಟ್ಟೆಯನ್ನು ಮೊದಲು ತಣ್ಣೀರಲ್ಲಿ ನೆನೆಸಬೇಕು, ಆಮೇಲೆ ಬಿಸಿನೀರು ಎಂಬುದನ್ನು ಅಪ್ಪ ಕಲಿತದ್ದು ಅಲ್ಲಿ. ಅವನ ಅಂಗಿಯ ತೋಳು ಮೊಣಕೈವರೆಗೆ ಒದ್ದೆ, ಮೂಗಿನಲ್ಲಿ ವಾಸನೆ. ಇನ್ನೊಂದು ಭಾನುವಾರ ಅಜ್ಜಿ ಒದ್ದೆ ಟವೆಲ್ಲುಗಳನ್ನು ಸುತ್ತಿ ಗಂಟು ಮಾಡಿ ಅವನ ಕೈಗಿತ್ತಳು.

"ಇದು ಕೂಸು. ಎತ್ಕೋ."

"ಇದು ಟವೆಲ್ಲಮ್ಮಾ."

"ಟವೆಲ್ಲನ್ನೇ ಬೀಳಿಸೋನ ಕೈಗೆ ಕೂಸು ಯಾರು ಕೊಡ್ತಾರೆ? ಎತ್ಕೋ. ಅಯ್ಯೋ, ಕುತ್ತಿಗೆ! ಕುತ್ತಿಗೆ ಎಲ್ಲಿ ಹೋಯ್ತು?"

"ಟವೆಲ್ಲಿಗೆ ಕುತ್ತಿಗೆ ಎಲ್ಲಿರುತ್ತೆ ಅಮ್ಮಾ?"

"ದಿನಾ ಬೆಳಗಾದ್ರೆ ಕಾಲರ್ ಕತ್ತರಿಸೋನಿಗೆ ಕುತ್ತಿಗೆ ಎಲ್ಲಿ ಅಂತ ನಾನು ಹೇಳಿಕೊಡ್ಬೇಕಾ!"

ತೊಟ್ಟಿಯ ಹತ್ತಿರದ ಹೆಂಗಸರು ಕೋಲು ಬಿಟ್ಟು ನಕ್ಕರು. ಆ ನಗು ಓಣಿಯಲ್ಲಿ ಹಬ್ಬಿ, ಅಮ್ಮನಿಗೂ ತಲುಪಿತು. ಅಜ್ಜಿಯಾಗಲಿ ಅಪ್ಪನಾಗಲಿ ಅವಳಿಗೆ ಹೇಳಿರಲಿಲ್ಲ. ಮರುದಿನ ಅರ್ಧ ಮೇಜಿನ ಆಚೆಯಿಂದ, ಕಾಜಾ ಹಾಕುತ್ತಲೇ ಅಮ್ಮ ಕೇಳಿದಳು.

"ಭಾನುವಾರಗಳು ಆಸ್ಪತ್ರೆ ತೊಟ್ಟೀಲಿ ಕಳೀತಿವೆಯಂತೆ?"

"ಹೂಂ."

"ನಮ್ಮಮ್ಮನಿಗೆ ಹೆದರಿ ಹೋಗ್ತೀಯಾ?"

"ಹೆದರಿಕೆ ಇದೆ. ಆದ್ರೆ ಅದಕ್ಕಲ್ಲ."

"ಮತ್ತೆ?"

"ನನಗೆ ಬರಲ್ಲ. ಅದಕ್ಕೆ ಹೋಗ್ತೀನಿ."

ಅಂದು ಮಧ್ಯಾಹ್ನ ಅಮ್ಮ ತನ್ನ ಊಟದ ಡಬ್ಬಿಯನ್ನು ಮೇಜಿನ ನಡುಗೆರೆಯ ಮೇಲಿಟ್ಟು ಮುಚ್ಚಳ ತೆಗೆದಳು. ಗುಂಡಿ ಅಕ್ಕ ಅದನ್ನು ನೋಡಿ, ಕಣ್ಣು ಅರಳಿಸಿ, ಜೀವಮಾನದಲ್ಲಿ ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡಿದ್ದಳು.

ಅಪ್ಪ ಒಂದು ಕೋಟಿನ ಬೆನ್ನು ಕತ್ತರಿಸುತ್ತಿದ್ದ ಬೆಳಿಗ್ಗೆ ಅಮ್ಮ ಕುರ್ಚಿಯ ಕೈ ಬಿಗಿಯಾಗಿ ಹಿಡಿದಳು. ಅಪ್ಪ ಎದ್ದು ನಿಂತ, ಆದರೆ ಹತ್ತಿರ ಬರಲಿಲ್ಲ. ಕೇಳದೆ ಏನೂ ಮಾಡಬಾರದೆಂದು ಅವನ ಕಾಲುಗಳು ನೆಲಕ್ಕೆ ಅಂಟಿದ್ದವು.

"ಏನು ನೋಡ್ತಾ ನಿಂತಿದೀಯಾ? ಬಾ!" ಎಂದಳು ಅಮ್ಮ.

"ನಿಮ್ಮಮ್ಮನ್ನ ಕರೀಲಾ?"

"ಅಮ್ಮನ್ನ ಗುಂಡಿ ಅಕ್ಕ ಕರೀತಾಳೆ. ನೀನು ನನ್ನ ಜೊತೆ ಬಾ."

ಅರ್ಧ ಕತ್ತರಿಸಿದ ಬಟ್ಟೆಯಲ್ಲಿ ಕತ್ತರಿ ಹಾಗೇ ಸಿಕ್ಕಿಕೊಂಡಿತ್ತು. ಅದನ್ನು ಆಮೇಲೆ ಮಾಸ್ಟರರೇ ಕನ್ನಡಕ ಹಾಕಿಕೊಂಡು, ಕೆಮ್ಮುತ್ತ, ಬೈದುಕೊಳ್ಳುತ್ತ ಮುಗಿಸಿದರಂತೆ.

ನಾನು ಹುಟ್ಟಿದಾಗ ಮಧ್ಯಾಹ್ನದ ಬಿಸಿಲು ವಾರ್ಡಿನ ನೆಲದ ಮೇಲಿತ್ತು. ನರ್ಸು ನನ್ನನ್ನು ಒರೆಸಿ ಸುತ್ತಿ, ರೂಢಿಯಂತೆ ಅಜ್ಜಿಯ ಕಡೆ ತಿರುಗಿದರು. ಅಜ್ಜಿ ಕೈ ಚಾಚಿಯೂ ಬಿಟ್ಟಿದ್ದಳು. ಅಮ್ಮ ಹಾಸಿಗೆಯಿಂದ ಹೇಳಿದಳು. "ಅವನಿಗೆ ಕೊಡಿ."

ಅಜ್ಜಿ ಕೈ ಹಿಂದಕ್ಕೆಳೆದುಕೊಂಡು, ಅಪ್ಪನ ಬೆನ್ನ ಹಿಂದೆ ನಿಂತು, "ಕುತ್ತಿಗೆ" ಎಂದು ಉಸುರಿದಳು.

"ಗೊತ್ತಮ್ಮಾ" ಎಂದ ಅಪ್ಪ. ಅವನ ಕಣ್ಣು ತುಂಬಿ ನಾನೇ ಕಾಣುತ್ತಿರಲಿಲ್ಲವಂತೆ. ಆದರೆ ನನ್ನ ತಲೆ ಇರಬೇಕಾದಲ್ಲೇ ಇತ್ತು.

ಅಲ್ಲಿಂದ ಅಪ್ಪ ದಿನಾ ಬೆಳಿಗ್ಗೆ ಅಜ್ಜಿಯ ಮನೆಗೆ ಬರುತ್ತಿದ್ದ, ನನ್ನ ಬಟ್ಟೆ ಒಗೆದು ಹರವಿ ಅಂಗಡಿಗೆ ಹೋಗುತ್ತಿದ್ದ, ಸಂಜೆ ಬಂದು ನನ್ನನ್ನು ಎತ್ತಿಕೊಂಡು ಓಣಿಯ ತುದಿಯವರೆಗೆ ನಡೆದಾಡಿಸಿ ತನ್ನ ಬಾಡಿಗೆ ಕೋಣೆಗೆ ಹೋಗುತ್ತಿದ್ದ. ಮದುವೆಯ ಮಾತನ್ನು ಮತ್ತೆ ಎತ್ತಲಿಲ್ಲ. ಅಕ್ಕಪಕ್ಕದವರು ಅಜ್ಜಿಯನ್ನು ಚುಚ್ಚಿದರು. "ಏನಮ್ಮಾ, ಅಳಿಯನೋ, ಅಗಸನೋ?" ಅಜ್ಜಿ, "ಅಗಸ ಒಳ್ಳೆಯವನು ಸಿಕ್ಕಿದಾನೆ, ಅಳಿಯನ ವಿಷಯ ಮಗಳನ್ನ ಕೇಳಿ" ಎನ್ನುತ್ತಿದ್ದಳು. ಎಲ್ಲ ಸುಲಭವಾಗಿತ್ತು ಎಂದಲ್ಲ. ಓಣಿಯಲ್ಲಿ ಕೆಲವರು ಅಮ್ಮನನ್ನು ಕಂಡರೆ ದಾಟಿ ಆಚೆ ನಡೆಯುತ್ತಿದ್ದರು. ಅದನ್ನು ಅಮ್ಮ ಒಂದೇ ಸಲ ಹೇಳಿದ್ದಾಳೆ, ಮತ್ತೆ ಹೇಳಿಲ್ಲ.

ನಾನು ಕೂರಲು ಕಲಿತ ಕಾಲ. ಹಿತ್ತಲಲ್ಲಿ ಅಪ್ಪ ಬಟ್ಟೆ ಹರವುತ್ತಿದ್ದ. ಅಮ್ಮ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಿಗೆ ಬಂದಳು.

"ಆ ಮಾತು ಈಗ ಕೇಳು."

"ಯಾವ ಮಾತು?" ಅಪ್ಪನ ಬಾಯಲ್ಲಿ ಬಟ್ಟೆ ಸಿಕ್ಕಿಸುವ ಕ್ಲಿಪ್ಪು.

"ನಷ್ಟ, ದಂಡ ಎಲ್ಲ ಬಿಟ್ಟು ಬೇರೆ ಏನಾದ್ರೂ ಇದ್ರೆ ಕೇಳು. ಮೊದಲು ಬಾಯಿಂದ ಕ್ಲಿಪ್ಪು ತೆಗಿ."

ಅಪ್ಪ ತೆಗೆದ. "ನನ್ನನ್ನ ಮದುವೆ ಆಗ್ತೀಯಾ?"

"ಯಾಕೆ ಆಗ್ಬೇಕು?"

ಅವನ ಕೈಯಲ್ಲಿದ್ದ ನನ್ನ ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಬೆಳಿಗ್ಗೆ ಇಲ್ಲಿಗೆ ಬರೋದು ಅಭ್ಯಾಸ ಆಗಿದೆ" ಎಂದ. "ಸಂಜೆ ಹೋಗೋದು ಮಾತ್ರ ಇನ್ನೂ ಅಭ್ಯಾಸ ಆಗಿಲ್ಲ."

ಅಮ್ಮ ನನ್ನನ್ನು ಅವನ ಕೈಗೆ ದಾಟಿಸಿ, ಉಳಿದ ಬಟ್ಟೆಯನ್ನು ತಾನೇ ಹರವಿದಳು.

ಮದುವೆ ನೋಂದಣಿ ಕಚೇರಿಯಲ್ಲಿ ನಡೆಯಿತು. ಮಾಸ್ಟರ್, ಗುಂಡಿ ಅಕ್ಕ ಸಾಕ್ಷಿ. ರುಜು ಹಾಕುವ ಹೊತ್ತಿಗೆ ಸರಿಯಾಗಿ ನಾನು ಕಿರುಚತೊಡಗಿದೆನಂತೆ. "ಮಗುವನ್ನ ಯಾರಾದ್ರೂ ಎತ್ಕೊಳ್ಳಿ" ಎಂದರು ಅಧಿಕಾರಿ. ಅಜ್ಜಿ ಕೈ ಚಾಚಿದಳು.

"ಇರ್ಲಿ ಸಾರ್, ಅಭ್ಯಾಸ ಇದೆ" ಎಂದ ಅಪ್ಪ. ಒಂದು ಕೈಯಲ್ಲಿ ನನ್ನನ್ನು ತೂಗುತ್ತ ಇನ್ನೊಂದು ಕೈಯಲ್ಲಿ ಬರೆದ. ಅವನ ರುಜು ಅರ್ಧಕ್ಕೆ ಬಂದಾಗ ನಾನು ಒದ್ದ ಒದೆತಕ್ಕೆ ಪೆನ್ನು ಹಾರಿ ಹೆಸರಿನ ಬಾಲ ಕಾಗದದ ಅಂಚಿನವರೆಗೆ ಓಡಿತು. ಅಧಿಕಾರಿ ಬೇರೆ ಕಾಗದಕ್ಕೆ ಕೈ ಹಾಕಿದರು. ಅಮ್ಮ ಬೇಡವೆಂದಳು. ನಗು ತಡೆದುಕೊಂಡು, ಆ ಬಾಲವನ್ನು ದಾಟಿ ಉಳಿದಿದ್ದ ಜಾಗದಲ್ಲಿ ನಿಧಾನವಾಗಿ ತನ್ನ ಹೆಸರು ಬರೆದಳು.